ಬಿಲ್ಬಾವೊದಲ್ಲಿ ಭಾನುವಾರ: ನದಿ ತಂದ ಊಟ, ನದಿ ತಂದ ಆಟ

ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಿಲ್ಬಾವೊದ ಪ್ಲಾಸಾ ನುಯೆವಾ ಚೌಕದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸುತ್ತಲಿನ 64 ಕಮಾನುಗಳ ಕೆಳಗೆ ಹಳೆಯ ನಾಣ್ಯ, ಅಂಚೆಚೀಟಿ, ಹಳದಿಗಟ್ಟಿದ ಪುಸ್ತಕಗಳ ವ್ಯಾಪಾರ ನಡೆದಿರುತ್ತದೆ. ಅದಕ್ಕಿಂತ ಬಿರುಸಿನ ವ್ಯಾಪಾರ ಮಕ್ಕಳದ್ದು. ರಬ್ಬರ್‌ ಬ್ಯಾಂಡ್ ಹಾಕಿದ ಕಾರ್ಡಿನ ಕಟ್ಟು ಹಿಡಿದು, ಫುಟ್‌ಬಾಲ್ ಆಟಗಾರರ ಚಿತ್ರಗಳನ್ನು ಅವರು ಅದಲುಬದಲು ಮಾಡಿಕೊಳ್ಳುತ್ತಾರೆ. ಪಕ್ಕದಲ್ಲಿ ನಿಂತ ಅಜ್ಜನ ಕೈಯಲ್ಲಿ ಒಂದು ಚೀಟಿ. ಆಲ್ಬಮ್ಮಿಗೆ ಇನ್ನೂ ಬೇಕಾದ ಕಾರ್ಡುಗಳ ಸಂಖ್ಯೆಗಳೆಲ್ಲ ಅದರಲ್ಲಿವೆ. ಒಂದೊಂದು ಸಿಕ್ಕಿದಂತೆ ಅಜ್ಜ ಪೆನ್ಸಿಲಿನಿಂದ ಗೀಟು ಹಾಕುತ್ತಾನೆ. ಇಬ್ಬರ ಮೈಮೇಲೂ ಅದೇ ಕೆಂಪು–ಬಿಳಿ ಪಟ್ಟೆಯ ಅಂಗಿ. ಸಂಜೆ ಪಂದ್ಯವಿದೆ.

ಸ್ಪೇನಿನ ಉತ್ತರದಲ್ಲಿ, ಬಾಸ್ಕ್ ಸೀಮೆಯ ಗುಡ್ಡಗಳ ನಡುವೆ ಇರುವ ಬಿಲ್ಬಾವೊದ ಜನಸಂಖ್ಯೆ ಮೂರೂವರೆ ಲಕ್ಷದ ಆಸುಪಾಸು. ಬಾರ್ಸಿಲೋನಾ, ಮ್ಯಾಡ್ರಿಡ್‌ಗೆ ಹೋಗುವ ಭಾರತೀಯ ಪ್ರವಾಸಿಗರು ಇತ್ತ ತಲೆ ಹಾಕುವುದು ಕಡಿಮೆ. ಬಂದರೂ ಗುಗೆನ್‌ಹೈಮ್ ಮ್ಯೂಸಿಯಂ ಎದುರು ಫೋಟೊ ತೆಗೆಸಿಕೊಂಡು ಮುಂದಿನ ಬಸ್ಸು ಹತ್ತುತ್ತಾರೆ. ಇದು ಊರಿಗೆ ಮಾಡುವ ಅನ್ಯಾಯ. ಪಂದ್ಯವಿರುವ ಭಾನುವಾರ ಬಂದು, ಬೆಳಿಗ್ಗೆ ಹಳೆಯ ಪೇಟೆ, ಮಧ್ಯಾಹ್ನ ಮೀನಿನ ಊಟ, ಸಂಜೆ ಸಾನ್ ಮಾಮೆಸ್ ಕ್ರೀಡಾಂಗಣ ಎಂದು ಹೊರಟರೆ ಊರು ಪೂರ್ತಿ ತೆರೆದುಕೊಳ್ಳುತ್ತದೆ. ಈ ಮೂರೂ ಬೇರೆಬೇರೆ ಆಕರ್ಷಣೆಗಳಲ್ಲ. ಊರಿನ ನಡುವೆ ಹರಿಯುವ ನೆರ್ವಿಯೋನ್ ನದಿಯೇ ಮೂರಕ್ಕೂ ಮೂಲ.

ಹಳೆಯ ಪೇಟೆಯಿಂದಲೇ ಶುರು ಮಾಡಬಹುದು. 1300ರ ಜೂನ್ 15ರಂದು ಡಿಯೆಗೊ ಲೋಪೆಸ್ ದೆ ಆರೊ ಎಂಬ ಪಾಳೆಯಗಾರ ಸನದು ಕೊಟ್ಟು ಕಟ್ಟಿಸಿದ ಊರು ಇದು. ‘ಏಳು ಬೀದಿಗಳು’ ಎಂದೇ ಹೆಸರಾದ ಇಲ್ಲಿನ ಓಣಿಗಳು ಒಂದರ ಪಕ್ಕ ಒಂದರಂತೆ ನದಿಯ ಕಡೆಗೆ ಇಳಿಯುತ್ತವೆ. ಕೆಲವು ಗೋಡೆಗಳಲ್ಲಿ ತಲೆಗಿಂತ ಎತ್ತರದಲ್ಲಿ ಒಂದು ಗುರುತು ಕಾಣುತ್ತದೆ. 1983ರ ಆಗಸ್ಟ್ 26ರಂದು ನದಿ ಉಕ್ಕಿ ಬಂದಾಗ ನೀರು ನಿಂತ ಮಟ್ಟ ಅದು. ಆಗ ಊರಿನ ದೊಡ್ಡ ಜಾತ್ರೆ ‘ಆಸ್ತೆ ನಾಗುಸಿಯಾ’ ನಡೆಯುತ್ತಿತ್ತು. ಅದಕ್ಕೆ ಕೆಲವೇ ತಿಂಗಳ ಹಿಂದೆ, ಅದೇ ನದಿಯ ಎರಡೂ ದಡಗಳಲ್ಲಿ ಲಕ್ಷಾಂತರ ಜನ ನಿಂತು ಲೀಗ್ ಗೆದ್ದ ತಮ್ಮ ಫುಟ್‌ಬಾಲ್ ತಂಡವನ್ನು ದೋಣಿಯಲ್ಲಿ ಬರಮಾಡಿಕೊಂಡಿದ್ದರು.

ನದಿ ದಂಡೆಯ ಮೇಲೆಯೇ 1929ರ ರಿಬೇರಾ ಮಾರುಕಟ್ಟೆ ಇದೆ. ಬಣ್ಣದ ಗಾಜಿನಿಂದ ಬೆಳಕು ಸೋಸಿ ಬರುವ ಈ ಕಟ್ಟಡದಲ್ಲಿ ಮೀನಿನ ವ್ಯಾಪಾರ ನೋಡಬೇಕೆಂದರೆ ಶನಿವಾರವೇ ಹೋಗಬೇಕು. ಭಾನುವಾರ ಊಟ–ತಿಂಡಿಯ ಭಾಗ ಮಾತ್ರ ಕಳೆಗಟ್ಟಿರುತ್ತದೆ.

ಇಲ್ಲಿಂದ ದಂಡೆ ಹಿಡಿದು ಕೆಳಕ್ಕೆ ನಡೆದರೆ ಅರ್ಧ ಗಂಟೆಯೊಳಗೆ ಗುಗೆನ್‌ಹೈಮ್. ಫ್ರಾಂಕ್ ಗೆಹ್ರಿ ವಿನ್ಯಾಸದ, ಸುಮಾರು 33 ಸಾವಿರ ಟೈಟೇನಿಯಂ ತಗಡುಗಳನ್ನು ಹೊದ್ದ ಈ ಕಟ್ಟಡ ಬಾಗಿಲು ತೆರೆದದ್ದು 1997ರ ಅಕ್ಟೋಬರ್ 18ರಂದು. ಮುಂದೆ ಜೆಫ್ ಕೂನ್ಸ್ ಮಾಡಿದ 12 ಮೀಟರ್ ಎತ್ತರದ ಹೂವಿನ ನಾಯಿಮರಿ. ವರ್ಷಕ್ಕೆ ಎರಡು ಸಲ ಅದರ ಹೂಗಿಡಗಳನ್ನೆಲ್ಲ ಬದಲಿಸುತ್ತಾರೆ. ಉದ್ಘಾಟನೆಗೆ ಐದು ದಿನ ಮುಂಚೆ, ತೋಟದ ಕೆಲಸದವರ ವೇಷದಲ್ಲಿ ಬಂದ ಬಾಸ್ಕ್ ಪ್ರತ್ಯೇಕತಾವಾದಿ ಸಂಘಟನೆ ಇಟಿಎಯ ಉಗ್ರರು ಹೂಕುಂಡಗಳಲ್ಲಿ ಸ್ಫೋಟಕ ಅಡಗಿಸಲು ನೋಡಿದರು. ಅವರನ್ನು ತಡೆದ ಬಾಸ್ಕ್ ಪೊಲೀಸ್ ಸಿಬ್ಬಂದಿ ಚೆಮಾ ಅಗಿರ್ರೆ ಗುಂಡೇಟಿಗೆ ಬಲಿಯಾದರು. ನಾಯಿಮರಿ ಎದುರು ಸೆಲ್ಫಿ ತೆಗೆದುಕೊಳ್ಳುವವರು ನಿಂತಿರುವ ಚೌಕಕ್ಕೆ ಇರುವುದು ಅವರದ್ದೇ ಹೆಸರು.

ಈ ಮ್ಯೂಸಿಯಂ ಒಂದೇ ಬಿಲ್ಬಾವೊವನ್ನು ಮೇಲೆತ್ತಿತು ಎಂಬ ಕಥೆ ಜಗತ್ತಿನಾದ್ಯಂತ ಚಾಲ್ತಿಯಲ್ಲಿದೆ. ಬೇರೆ ಬೇರೆ ನಗರಗಳ ಮೇಯರ್‌ಗಳು ಅದನ್ನು ನಂಬಿ ಹೊಳೆಯುವ ಕಟ್ಟಡಗಳನ್ನು ಕಟ್ಟಿಸಿದ್ದಾರೆ. ಆದರೆ ಇಸವಿಗಳನ್ನು ಜೋಡಿಸಿ ನೋಡಿದರೆ ಕಥೆ ನಿಲ್ಲುವುದಿಲ್ಲ. ಕಾರ್ಖಾನೆಗಳ ಕೊಳೆಯಿಂದ ಸತ್ತಂತಿದ್ದ ನದಿಯನ್ನು ಶುಚಿ ಮಾಡುವ ಕೆಲಸ ಎಂಬತ್ತರ ದಶಕದಲ್ಲೇ ನಡೆದಿತ್ತು. ಪಾಳುಬಿದ್ದ ರೈಲು, ಬಂದರು, ಹಡಗುಕಟ್ಟೆ ಜಾಗಗಳನ್ನು ಊರಿಗೆ ಮರಳಿಸಲು ‘ಬಿಲ್ಬಾವೊ ರಿಯಾ 2000’ ಎಂಬ ಸಂಸ್ಥೆ 1992ರಲ್ಲಿ ಹುಟ್ಟಿತು. ನಾರ್ಮನ್ ಫೋಸ್ಟರ್ ವಿನ್ಯಾಸದ ಮೆಟ್ರೊ 1995ರಲ್ಲಿ ಓಡಿತು. ಚರಂಡಿ, ರೈಲು, ಸೇತುವೆಗಳ ಬಗ್ಗೆ ಯಾರೂ ಪೋಸ್ಟ್‌ಕಾರ್ಡ್ ಅಚ್ಚು ಹಾಕಿಸುವುದಿಲ್ಲ. ಊರನ್ನು ಎತ್ತಿ ನಿಲ್ಲಿಸಿದ್ದು ಮಾತ್ರ ಅವೆಲ್ಲವೂ ಸೇರಿ. ಮ್ಯೂಸಿಯಂ ಅವುಗಳ ಸಾಲಿನಲ್ಲಿ ಒಂದು, ಬಹಳ ಚೆಲುವಾದ ಒಂದು.

ಒಳಗೆ ಸಮಯ ಕೊಡಬೇಕಾದದ್ದು ರಿಚರ್ಡ್ ಸೆರ್‍ರಾ ಅವರ ‘ದಿ ಮ್ಯಾಟರ್ ಆಫ್ ಟೈಮ್’ಗೆ. 2005ರಿಂದ ಕಾಯಂ ಆಗಿ ಇಲ್ಲಿರುವ, ಬೃಹತ್ ಉಕ್ಕಿನ ಫಲಕಗಳ ಎಂಟು ಶಿಲ್ಪಗಳು. ಸುತ್ತು ಸುತ್ತಾಗಿ ಬಾಗಿದ ಎರಡು ಗೋಡೆಗಳ ನಡುವಿನ ಓಣಿಯಲ್ಲಿ ನಡೆಯುತ್ತ ಹೋದರೆ ಗೋಡೆ ಒಮ್ಮೆ ಮೈಮೇಲೆ ವಾಲುತ್ತದೆ, ಇನ್ನೊಮ್ಮೆ ದೂರ ಸರಿಯುತ್ತದೆ. ಹೆಜ್ಜೆಯ ಸದ್ದು ಒಂದು ತಿರುವಿನಲ್ಲಿ ದೊಡ್ಡದಾಗಿ, ಮುಂದಿನ ತಿರುವಿನಲ್ಲಿ ಅಡಗಿಹೋಗುತ್ತದೆ. ಕಿತ್ತಳೆ–ಕಂದು ತುಕ್ಕಿನ ಮೇಲೆ ನೀರು ಇಳಿದ ಗೆರೆಗಳಿವೆ. ಯೌವನದಲ್ಲಿ ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದ ಕಲಾವಿದನ ಕೆಲಸ ಉಕ್ಕಿನ ಊರಿಗೇ ಬಂದು ಸೇರಿದೆ. ಬಿಲ್ಬಾವೊದ ಹೆಮ್ಮೆಯಾಗಿದ್ದ ‘ಆಲ್ತೋಸ್ ಓರ್ನೋಸ್ ದೆ ಬಿಸ್ಕಾಯಾ’ ಉಕ್ಕಿನ ಕಂಪನಿ ಮುಚ್ಚಿದ್ದು 1996ರಲ್ಲಿ, ಮ್ಯೂಸಿಯಂ ತೆರೆಯುವ ಹಿಂದಿನ ವರ್ಷ.

ಹಸಿವಾಗುತ್ತದೆ. ಬಾಸ್ಕ್ ಸೀಮೆಯಲ್ಲಿ ಹಸಿವಿಗೆ ಮೊದಲ ಉತ್ತರ ಪಿಂಚೊ. ಬಾರ್‌ ಕಟ್ಟೆಯ ಮೇಲೆ ತಟ್ಟೆಗಳಲ್ಲಿ ಸಾಲಾಗಿ ಇಟ್ಟ, ಎರಡು ಮೂರು ತುತ್ತಿನಲ್ಲಿ ಮುಗಿಯುವ ತಿಂಡಿಗಳು ಇವು. ಒಂದು ಬಾರ್‌ನಲ್ಲಿ ಒಂದು ತಿಂಡಿ, ಒಂದು ಸಣ್ಣ ಲೋಟ ಬಿಯರ್ ಅಥವಾ ಇಲ್ಲಿನ ತುಸು ಹುಳಿಯಾದ ಬಿಳಿ ವೈನ್ ಚಾಕೊಲಿ, ಆಮೇಲೆ ಮುಂದಿನ ಬಾರ್. ಕುಳಿತು ತಿನ್ನುವವರು ವಿರಳ. ಕಡ್ಡಿಗೆ ಆಲಿವ್, ಉಪ್ಪಿನಲ್ಲಿಟ್ಟ ಆಂಚೊವಿ ಮೀನು, ಉಪ್ಪಿನಕಾಯಿ ಹಾಕಿದ ಹಸಿಮೆಣಸಿನಕಾಯಿ ಪೋಣಿಸಿದ ‘ಗಿಲ್ಡಾ’ ಇವುಗಳಲ್ಲಿ ಅತಿ ಸರಳ. ಇದು ಹುಟ್ಟಿದ್ದು ನೆರೆಯ ಸಾನ್ ಸೆಬಾಸ್ಟಿಯನ್‌ನಲ್ಲಿ. 1946ರ ಹಾಲಿವುಡ್ ಚಿತ್ರದ ನಾಯಕಿಯ ಹೆಸರು ಇದಕ್ಕೆ ಬಂತು. ಮೀನು, ಮಾಂಸ ತಿನ್ನದವರಿಗೂ ಇಲ್ಲಿ ಉಪವಾಸವಿಲ್ಲ. ಎಣ್ಣೆಯಲ್ಲಿ ಹುರಿದು ಕಲ್ಲುಪ್ಪು ಉದುರಿಸಿದ ಗೆರ್ನಿಕಾದ ಹಸಿರು ಮೆಣಸಿನಕಾಯಿ, ಕುರಿಹಾಲಿನ ಇದಿಯಸಾಬಲ್ ಚೀಸ್, ದಪ್ಪ ಬೆಣ್ಣೆ ಸವರಿದ ಸಿಹಿ ಬನ್ನು ಎಲ್ಲೆಡೆ ಸಿಗುತ್ತವೆ.

ಆದರೆ ಬಿಲ್ಬಾವೊದ ಊಟವೆಂದರೆ ಬಾಕಲಾವೊ, ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಇಲ್ಲಿನ ಕಡಲಲ್ಲಿ ಈ ಮೀನಿಲ್ಲ. ಅದು ಬಂದದ್ದು ದೂರದ ಉತ್ತರ ಅಟ್ಲಾಂಟಿಕ್‌ನಿಂದ, ಹಡಗಿನಲ್ಲಿ, ಇದೇ ನದಿಯ ಮೂಲಕ. ಅದು ಊರಿನ ಊಟವಾದ ಬಗ್ಗೆ ಬಿಲ್ಬಾವೊದವರು ಬಾಯಿಪಾಠ ಮಾಡಿಕೊಂಡಿರುವ ಒಂದು ಕಥೆಯಿದೆ. 1830ರ ದಶಕದ ಮಧ್ಯಭಾಗ. ಸಿಮೋನ್ ಗುರ್ತುಬಾಯ್ ಎಂಬ ವ್ಯಾಪಾರಿ ‘100 ಅಥವಾ 120’ ಒಣಮೀನು ಕಳಿಸಿ ಎಂದು ಬರೆದನಂತೆ. ಸ್ಪ್ಯಾನಿಷ್‌ನಲ್ಲಿ ‘ಅಥವಾ’ಗೆ ಬರೆಯುವ ‘ಒ’ ಅಕ್ಷರ ಸೊನ್ನೆಯಂತೆ ಕಂಡು, 10,00,120 ಮೀನು ಬಂದಿಳಿಯಿತಂತೆ. ವ್ಯಾಪಾರಿ ತಲೆ ಮೇಲೆ ಕೈ ಹೊತ್ತು ಕೂತಿರುವಾಗಲೇ ಸಿಂಹಾಸನದ ಹಕ್ಕಿಗಾಗಿ ಬಂಡೆದ್ದ ಕಾರ್ಲಿಸ್ಟ್ ಸೇನೆ ಊರಿಗೆ ಮುತ್ತಿಗೆ ಹಾಕಿತಂತೆ. ಹೊರಗಿನಿಂದ ಕಾಳು ಬರದೆ ಊರು ಆ ಒಣಮೀನನ್ನೇ ತಿಂದು ಉಳಿಯಿತು, ಗುರ್ತುಬಾಯ್ ಸಿರಿವಂತನಾದ.

ಮುತ್ತಿಗೆ ನಿಜ. 1835ರಲ್ಲಿ ಮತ್ತು 1836ರಲ್ಲಿ ಊರು ಸಿಕ್ಕಿಹಾಕಿಕೊಂಡಿತ್ತು. ಎರಡನೆಯ ಸಲ ಸೇನಾಪತಿ ಎಸ್ಪಾರ್ತೆರೊನ ಸರ್ಕಾರಿ ಸೇನೆ ಕ್ರಿಸ್‌ಮಸ್ ಹಿಂದಿನ ರಾತ್ರಿ ಲುಚಾನಾ ಕದನದಲ್ಲಿ ಗೆದ್ದು ಬಿಡಿಸಿತು. ಗುರ್ತುಬಾಯ್ ನಿಜ. ಮನೆತನದ ಸಿರಿವಂತಿಕೆಯೂ ನಿಜ, ಬಸುರ್ತೊ ಆಸ್ಪತ್ರೆಯ ಒಂದು ಕಟ್ಟಡಕ್ಕೆ ಆ ಹೆಸರಿದೆ. ಅನುಮಾನ ಹುಟ್ಟುವುದು ಮೀನಿನ ಲೆಕ್ಕದಲ್ಲಿ. ಕಥೆಯ ಎಷ್ಟೋ ಪಾಠಗಳಲ್ಲಿ ಗುರ್ತುಬಾಯ್ ತಂತಿ ಕಳಿಸುತ್ತಾನೆ. ಸ್ಪೇನಿನ ಮೊದಲ ವಿದ್ಯುತ್ ತಂತಿ ಮಾರ್ಗ ಮ್ಯಾಡ್ರಿಡ್‌ನಿಂದ ಇರೂನ್‌ಗೆ ಬಂದದ್ದು 1850ರ ದಶಕದಲ್ಲಿ, ಮುತ್ತಿಗೆ ಮುಗಿದ ಎಷ್ಟೋ ವರ್ಷದ ಮೇಲೆ. ಕಾಗದವೇ ಹೋಯಿತು ಎಂದುಕೊಂಡರೂ, ನೂರರ ಲೆಕ್ಕದಲ್ಲಿ ತರಿಸುವ ಗಿರಾಕಿ ಏಕಾಏಕಿ ಹತ್ತು ಲಕ್ಷ ಕೇಳಿದರೆ ಯಾವ ಸಗಟು ವ್ಯಾಪಾರಿಯೂ ಮರುಪ್ರಶ್ನೆ ಮಾಡದೆ ಹಡಗು ತುಂಬಿಸುವುದಿಲ್ಲ. ಹಣ ಯಾರು ಕೊಡುತ್ತಾರೆ? ಅಷ್ಟು ಮೀನು ಇಡಲು ಗೋದಾಮು ಎಲ್ಲಿ? ಕೊನೆಯ 120 ಮಾತ್ರ ಇಷ್ಟು ಅಚ್ಚುಕಟ್ಟಾಗಿ ಉಳಿದದ್ದು ಹೇಗೆ? ಮುತ್ತಿಗೆಯ ಕಾಲದಲ್ಲಿ ಒಬ್ಬ ವ್ಯಾಪಾರಿಯ ಬಳಿ ದೊಡ್ಡ ದಾಸ್ತಾನಿತ್ತು, ಊರಿಗೆ ಅದು ಆಸರೆಯಾಯಿತು ಎನ್ನುವಷ್ಟನ್ನು ಧಾರಾಳವಾಗಿ ನಂಬಬಹುದು. ಉಳಿದದ್ದು ಊಟದ ಮೇಜಿನ ಮೇಲೆ ಬೆಳೆದ ಕಥೆ. ಬೆಳೆಸಿದವರ ಕೈಚಳಕ ಮಾತ್ರ ಮೆಚ್ಚುವಂಥದ್ದು.

ಈ ಮೀನಿನಿಂದ ಮಾಡುವ ‘ಪಿಲ್ ಪಿಲ್’ ಅಡುಗೆಯನ್ನು ಒಲೆಯ ಪಕ್ಕದಲ್ಲೇ ನಿಂತು ನೋಡುವ ಅವಕಾಶ ಸಿಕ್ಕರೆ ಬಿಡಬಾರದು. ಬೇಕಾದವು ನಾಲ್ಕೇ ಸಾಮಾನು: ಮೀನು, ಆಲಿವ್ ಎಣ್ಣೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಮೀನನ್ನು ಒಂದೂವರೆ ಎರಡು ದಿನ ನೀರಿನಲ್ಲಿ ನೆನೆಹಾಕಿ, ಆಗಾಗ ನೀರು ಬದಲಿಸಿ ಉಪ್ಪು ಬಿಡಿಸಿರುತ್ತಾರೆ. ಅಗಲವಾದ ಮಣ್ಣಿನ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬರುತ್ತಲೇ ಎತ್ತಿಡುತ್ತಾರೆ. ಆ ಎಣ್ಣೆ ಸ್ವಲ್ಪ ಆರಿದ ಮೇಲೆ ಮೀನಿನ ತುಂಡುಗಳು ಇಳಿಯುತ್ತವೆ. ಉರಿ ತೀರ ಸಣ್ಣದು. ಎಣ್ಣೆ ಕುದಿಯಬಾರದು, ಮೀನು ಹುರಿಯಲೂಬಾರದು. ಸ್ವಲ್ಪ ಹೊತ್ತಿನಲ್ಲಿ ಚರ್ಮದಿಂದ ಬಿಳಿಯ ಅಂಟು ಹನಿಹನಿಯಾಗಿ ಎಣ್ಣೆಗೆ ಇಳಿಯುತ್ತದೆ. ಆಗ ಅಡುಗೆಯವರು ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ವೃತ್ತಾಕಾರವಾಗಿ ಅಲ್ಲಾಡಿಸಲು ತೊಡಗುತ್ತಾರೆ. ಸೌಟಿಲ್ಲ, ಹಿಟ್ಟಿಲ್ಲ, ಕೆನೆಯಿಲ್ಲ. ಮಣಿಕಟ್ಟಿನ ತಿರುವು ಒಂದೇ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಅಂಚಿನಲ್ಲಿ ಎಣ್ಣೆ ಮಸುಕಾಗುತ್ತದೆ, ಹಳದಿ ದಪ್ಪಗಾಗುತ್ತ ಬಂದು, ನೋಡನೋಡುತ್ತ ಇಡೀ ಪಾತ್ರೆ ನುಣುಪಾದ ಗಸಿಯಿಂದ ತುಂಬುತ್ತದೆ. ಮೀನಿನ ಚರ್ಮದ ಜೆಲಟಿನ್ ಎಣ್ಣೆಯನ್ನೂ ನೀರಿನಂಶವನ್ನೂ ಹಿಡಿದು ಕೂಡಿಸುವ ಕೆಲಸ ಅದು. ಎಣ್ಣೆ ಅತಿಯಾಗಿ ಕಾದಿದ್ದರೆ ಒಡೆದುಹೋಗುತ್ತದೆ. ಇದರ ಜತೆಗಾತಿ ‘ವಿಸ್ಕಾಯಿನಾ’ದ ಕೆಂಪು ಗಸಿಗೆ ಹಾಕುವುದು ಚೊರಿಸೆರೊ ಮೆಣಸಿನಕಾಯಿ. ನಮ್ಮ ಬ್ಯಾಡಗಿಯಂತೆ ಅದೂ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ.

ಊಟ ಮುಗಿಸಿ ಮತ್ತೆ ನದಿ ದಂಡೆಗೆ ಬಂದರೆ, ಮ್ಯೂಸಿಯಂ ಪಕ್ಕದ ಉದ್ಯಾನದ ಹೆಸರು ‘ಇಂಗ್ಲಿಷರ ಬಯಲು’. ಬಿಲ್ಬಾವೊದ ಫುಟ್‌ಬಾಲ್ ಕಥೆ ಶುರುವಾಗುವುದು ಇಂಥ ಬಯಲುಗಳಲ್ಲಿ. ಸುತ್ತಲಿನ ಗುಡ್ಡಗಳ ಕಬ್ಬಿಣದ ಅದಿರಿನಲ್ಲಿ ರಂಜಕ ಕಡಿಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉಕ್ಕು ಮಾಡುತ್ತಿದ್ದ ಬೆಸ್ಸೆಮರ್ ಕುಲುಮೆಗಳಿಗೆ ಅಂಥ ಅದಿರೇ ಬೇಕಿತ್ತು. ಅದಿರು ತುಂಬಿಕೊಂಡು ಬ್ರಿಟನ್ನಿಗೆ ಹೋದ ಹಡಗುಗಳು ಕಲ್ಲಿದ್ದಲು ಹೇರಿಕೊಂಡು ಮರಳಿದವು. ಜತೆಯಲ್ಲೇ ನಾವಿಕರು, ಗಣಿ ಎಂಜಿನಿಯರುಗಳು, ಅವರ ಚೆಂಡು. ಇಂಗ್ಲೆಂಡಿಗೆ ಓದಲು ಹೋಗಿದ್ದ ಬಿಲ್ಬಾವೊದ ಸಿರಿವಂತರ ಮಕ್ಕಳೂ ಆಟ ಕಲಿತು ಬಂದರು. ಊರಿನ ತಂಡ ಅಥ್ಲೆಟಿಕ್ ಕ್ಲಬ್ ತನ್ನ ಹುಟ್ಟನ್ನು 1898ರಿಂದ ಎಣಿಸುತ್ತದೆ. ಸ್ಪೇನಿನ ಕ್ಲಬ್ಬಾದರೂ ಹೆಸರಿನ ಕಾಗುಣಿತ ಇಂದಿಗೂ ಇಂಗ್ಲಿಷಿನದ್ದು.

ಅಂಗಿಯೂ ಅಲ್ಲಿಂದಲೇ ಬಂತು. ಮೊದಲು ತಂಡದ ಬಣ್ಣ ನೀಲಿ–ಬಿಳಿ. 1909ರಲ್ಲಿ ಹುವಾನ್ ಎಲೊರ್ದುಯ್ ಎಂಬ ಆಟಗಾರ ಹೊಸ ಅಂಗಿ ತರಲು ಇಂಗ್ಲೆಂಡಿಗೆ ಹೋದ. ಬೇಕಾದಷ್ಟು ನೀಲಿ–ಬಿಳಿ ಸಿಗದೆ, ಸೌತಾಂಪ್ಟನ್ ತಂಡದ 50 ಕೆಂಪು–ಬಿಳಿ ಅಂಗಿಗಳನ್ನು ಕೊಂಡು ಹಡಗು ಹತ್ತಿದ. ಬಿಲ್ಬಾವೊ ಧ್ವಜದ ಬಣ್ಣವೂ ಅದೇ ಆದ್ದರಿಂದ ಊರು ಅವನ್ನು ಒಪ್ಪಿಕೊಂಡಿತು. ಉಳಿದ ಅಂಗಿಗಳು ಹೋದದ್ದು ಮ್ಯಾಡ್ರಿಡ್‌ಗೆ. ಅಲ್ಲಿ ಓದುತ್ತಿದ್ದ ಬಾಸ್ಕ್ ವಿದ್ಯಾರ್ಥಿಗಳು 1903ರಲ್ಲಿ ಬಿಲ್ಬಾವೊ ಕ್ಲಬ್ಬಿನ ಶಾಖೆಯೊಂದನ್ನು ಕಟ್ಟಿದ್ದರು. ಇಂದಿನ ಅಟ್ಲೆಟಿಕೊ ಮ್ಯಾಡ್ರಿಡ್ ಅದೇ. ಅದು 2014ರಲ್ಲಿ ಪಾಲುದಾರನಾಗಿ ಭಾರತಕ್ಕೆ ಬಂದಾಗ ಹುಟ್ಟಿದ ‘ಅಟ್ಲೆಟಿಕೊ ದೆ ಕೋಲ್ಕತ್ತ’ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಮೊದಲ ಋತುವಿನಲ್ಲೇ ಪ್ರಶಸ್ತಿ ಗೆದ್ದಿತು. ಕೆಂಪು–ಬಿಳಿ ಪಟ್ಟೆ ತೊಟ್ಟ ಆ ತಂಡವನ್ನು ಟಿ.ವಿ.ಯಲ್ಲಿ ನೋಡಿದ ಕನ್ನಡಿಗರು, ಎಲೊರ್ದುಯ್ ತಂದ ಗಂಟಿನ ದೂರದ ಎಳೆಯೊಂದನ್ನು ಕಂಡಂತಾಯಿತು.

ಕ್ಲಬ್ಬಿನ ಹೆಸರು ಜಗತ್ತಿಗೆ ಗೊತ್ತಿರುವುದು ಒಂದು ನಿಯಮದಿಂದ. ಬಾಸ್ಕ್ ಸೀಮೆಯಲ್ಲಿ ಹುಟ್ಟಿದವರು ಅಥವಾ ಅಲ್ಲಿನ ಕ್ಲಬ್ಬುಗಳಲ್ಲಿ ಆಟ ಕಲಿತವರು ಮಾತ್ರ ಈ ಅಂಗಿ ತೊಡಬಹುದು. ಬಿಸ್ಕಾಯಾ, ಗಿಪುಸ್ಕೋವಾ, ಆಲವಾ, ನವಾರ್ರ ಮತ್ತು ಗಡಿಯಾಚೆಗಿನ ಫ್ರಾನ್ಸಿನ ಬಾಸ್ಕ್ ಪ್ರದೇಶ ಸೇರಿದರೂ ಒಟ್ಟು ಜನಸಂಖ್ಯೆ ಸುಮಾರು 30 ಲಕ್ಷ. ಎದುರಾಳಿಗಳು ಬ್ರೆಜಿಲ್‌ನಿಂದ ಜಪಾನಿನವರೆಗೆ ಆಟಗಾರರನ್ನು ಹುಡುಕುವಾಗ, 1910ರ ದಶಕದಿಂದಲೂ ರೂಢಿಯಲ್ಲಿರುವ ಈ ಕಟ್ಟುಪಾಡಿನಲ್ಲೇ ಅಥ್ಲೆಟಿಕ್ ಆಡುತ್ತದೆ. ಆದರೂ ಸ್ಪೇನಿನ ಲೀಗ್ ಶುರುವಾದ 1929ರಿಂದ ಒಮ್ಮೆಯೂ ಕೆಳದರ್ಜೆಗೆ ಇಳಿಯದ ಮೂರೇ ತಂಡಗಳಲ್ಲಿ ಇದೂ ಒಂದು. ಇನ್ನೆರಡು ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ. ಒಳ್ಳೆಯ ಆಟಗಾರರನ್ನು ಮಾರುವ ಆಸೆ ಇಲ್ಲದ ಕ್ಲಬ್ಬಿದು. ಬೇಕಾದವರು ಕರಾರಿನಲ್ಲಿ ಬರೆದ ಪೂರ್ತಿ ಮೊತ್ತ ಕಟ್ಟಿ ಕೊಂಡೊಯ್ಯಬೇಕು. 2018ರಲ್ಲಿ ಗೋಲ್‌ಕೀಪರ್ ಕೆಪಾಗಾಗಿ ಚೆಲ್ಸಿ ಕೊಟ್ಟದ್ದು 8 ಕೋಟಿ ಯೂರೊ. ಮಾಲೀಕರು ಯಾವ ಉದ್ಯಮಿಯೂ ಅಲ್ಲ, ಸದಸ್ಯರೇ.

ಈ ನಿಯಮವನ್ನು ಸಂಕುಚಿತ ಎಂದು ಟೀಕಿಸುವವರಿದ್ದಾರೆ. ರಕ್ತದ ಲೆಕ್ಕ ಹಿಡಿದಿದ್ದರೆ ಟೀಕೆ ನಿಲ್ಲುತ್ತಿತ್ತು. ಇಂದಿನ ತಂಡದ ಕಣ್ಮಣಿಗಳು ವಿಲಿಯಮ್ಸ್ ಸಹೋದರರು. ಅವರ ತಂದೆತಾಯಿ ಘಾನಾದಿಂದ ಸಹಾರಾ ಮರುಭೂಮಿಯನ್ನು ಬಹುಪಾಲು ಕಾಲ್ನಡಿಗೆಯಲ್ಲಿ ದಾಟಿ ಸ್ಪೇನ್ ಸೇರಿದವರು. ಬಿಲ್ಬಾವೊದಲ್ಲಿ ನೆರವಾದ ಪಾದ್ರಿಯೊಬ್ಬರ ಹೆಸರನ್ನೇ 1994ರಲ್ಲಿ ಹುಟ್ಟಿದ ಮಗನಿಗೆ ಇಟ್ಟರು: ಇನ್ಯಾಕಿ. ಈ ಇನ್ಯಾಕಿ 2016ರ ಏಪ್ರಿಲ್‌ನಿಂದ 2023ರ ಜನವರಿವರೆಗೆ ಒಂದೂ ತಪ್ಪದೆ ಸತತ 251 ಲೀಗ್ ಪಂದ್ಯ ಆಡಿದ. ಕ್ಲಬ್ಬಿನ ದಂತಕಥೆ ತೆಲ್ಮೊ ಸಾರ್‍ರಾ ಲೀಗ್‌ನಲ್ಲಿ ಹೊಡೆದ ಗೋಲುಗಳೂ 251. ಆ ದಾಖಲೆ ಮುರಿಯಲು 2014ರಲ್ಲಿ ಮೆಸ್ಸಿಯೇ ಬರಬೇಕಾಯಿತು. ಇನ್ಯಾಕಿ ಘಾನಾಕ್ಕೆ ಆಡುತ್ತಾನೆ. ತಮ್ಮ ನಿಕೊ 2024ರ ಯೂರೊ ಫೈನಲ್‌ನಲ್ಲಿ ಸ್ಪೇನ್ ಪರ ಗೋಲು ಹೊಡೆದ. ನಿಕೊ ಬಾರ್ಸಿಲೋನಾ ಸೇರುತ್ತಾನೆಂದು ಪತ್ರಿಕೆಗಳೆಲ್ಲ ಬರೆಯುತ್ತಿದ್ದಾಗ, 2025ರ ಜುಲೈನಲ್ಲಿ ಅವನು 2035ರವರೆಗೆ ಅಥ್ಲೆಟಿಕ್‌ನಲ್ಲೇ ಉಳಿಯುವ ಕರಾರಿಗೆ ಸಹಿ ಹಾಕಿದ. ಇಂಥ ನಿಷ್ಠೆ ಹುಟ್ಟುವ ಕ್ಲಬ್ಬು ಫುಟ್‌ಬಾಲಿಗೆ ಬೇಕು.

ಪಂದ್ಯಕ್ಕೆ ಎರಡು ಗಂಟೆ ಮುಂಚೆ ಪೋಸಾ ಬೀದಿ ತುಂಬಿ ತುಳುಕುತ್ತದೆ. ಬಾರ್‌ಗಳಿಂದ ಉಕ್ಕಿದ ಜನ ಲೋಟ ಹಿಡಿದು ರಸ್ತೆಯಲ್ಲೇ ನಿಂತಿರುತ್ತಾರೆ. ಎಂಬತ್ತರ ಅಜ್ಜಿಯರು, ಕೈಗೂಸು ಹೊತ್ತ ಅಪ್ಪಂದಿರು, ಎದುರಾಳಿ ತಂಡದ ಬೆಂಬಲಿಗರು ಒಂದೇ ಗುಂಪಿನಲ್ಲಿ. ಬೀದಿಯ ತುದಿಯಲ್ಲಿ, ಕಟ್ಟಡಗಳ ಸಂದಿಯಲ್ಲಿ ಸಾನ್ ಮಾಮೆಸ್ ಕಾಣಿಸುತ್ತದೆ. ಊರಿನವರು ‘ಕೆಥೆಡ್ರಲ್’ ಎಂದು ಕರೆಯುವುದು ಇದನ್ನೇ. 1913ರ ಹಳೆಯ ಕ್ರೀಡಾಂಗಣ ನೂರು ವರ್ಷ ತುಂಬಿದ ಮೇಲೆ ನೆಲಸಮವಾಯಿತು. ಪಕ್ಕಕ್ಕೆ ಹೊಂದಿಕೊಂಡೇ ಎದ್ದ ಹೊಸದರಲ್ಲಿ 2013ರ ಸೆಪ್ಟೆಂಬರ್ 16ರಂದು ಮೊದಲ ಪಂದ್ಯ ನಡೆಯಿತು. ಈಗ 53 ಸಾವಿರ ಆಸನಗಳಿವೆ. ಮಾಮೆಸ್ ಎಂಬ ಬಾಲಸಂತನನ್ನು ಸಿಂಹಗಳ ಎದುರು ಎಸೆದರೂ ಅವು ಮುಟ್ಟಲಿಲ್ಲವೆಂಬ ಐತಿಹ್ಯವಿದೆ. ಆಟಗಾರರಿಗೆ ‘ಸಿಂಹಗಳು’ ಎಂಬ ಹೆಸರು ಬಂದದ್ದು ಅದರಿಂದ.

ಈ ಕ್ರೀಡಾಂಗಣದಲ್ಲಿ ಆಟಕ್ಕಿಂತ ಮೊದಲು ನೋಡಬೇಕಾದದ್ದು ಒಂದು ಕಂಚಿನ ಎದೆಮಟ್ಟದ ಪ್ರತಿಮೆ. ‘ಪಿಚಿಚಿ’ ಎಂದೇ ಹೆಸರಾದ ರಫಾಯೆಲ್ ಮೊರೆನೊ ಅರಾನ್ಸಾದಿಯದು. 1892ರಲ್ಲಿ ಹುಟ್ಟಿದ, ಲೇಖಕ ಉನಾಮುನೊ ಅವರ ಬಂಧು. ತಲೆಗೆ ಬಿಳಿ ಕರವಸ್ತ್ರ ಕಟ್ಟಿಕೊಂಡು ಆಡುತ್ತಿದ್ದ ಈ ಸಣ್ಣ ಆಳು 1913ರ ಆಗಸ್ಟ್ 21ರಂದು ಸಾನ್ ಮಾಮೆಸ್‌ನ ಮೊಟ್ಟಮೊದಲ ಗೋಲು ಹೊಡೆದ. ನಾಲ್ಕು ಸಲ ಸ್ಪೇನಿನ ಕಪ್ ಗೆದ್ದ, 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ತಂದ. ಚಿತ್ರಕಾರ ಔರೇಲಿಯೊ ಆರ್ತೆತಾ ಬರೆದ ಒಂದು ಪ್ರಸಿದ್ಧ ಚಿತ್ರದಲ್ಲಿ, ಮೈದಾನದ ಬೇಲಿಗೆ ಒರಗಿ ಮುಂದೆ ಹೆಂಡತಿಯಾಗಲಿರುವ ಹುಡುಗಿಯೊಂದಿಗೆ ಮಾತಿನಲ್ಲಿ ಮೈಮರೆತ ಆಟಗಾರ ಇವನೇ. 1921ರಲ್ಲಿ ಆಟ ಬಿಟ್ಟ. 1922ರ ಮಾರ್ಚ್ 1ರಂದು, 29ನೆಯ ವಯಸ್ಸಿಗೆ ಟೈಫಸ್ ಜ್ವರದಿಂದ ತೀರಿಕೊಂಡ.

1926ರಲ್ಲಿ ಕ್ಲಬ್ಬು ಪ್ರತಿಮೆ ನಿಲ್ಲಿಸಿತು. ಮರುವರ್ಷ ಆಡಲು ಬಂದ ಬುಡಾಪೆಸ್ಟ್‌ನ ಎಂಟಿಕೆ ತಂಡ ಅದರ ಮುಂದೆ ಹೂವಿಟ್ಟಿತು. ಅಂದಿನಿಂದ ಅದೇ ಪದ್ಧತಿ. ಯಾವ ತಂಡ ಸಾನ್ ಮಾಮೆಸ್‌ಗೆ ಮೊದಲ ಸಲ ಬಂದರೂ ಅದರ ನಾಯಕ, ಅಥ್ಲೆಟಿಕ್ ನಾಯಕನ ಜತೆ ನಡೆದುಬಂದು ಪಿಚಿಚಿಗೆ ಹೂಗುಚ್ಛ ಅರ್ಪಿಸುತ್ತಾನೆ. ಯುರೋಪಿನ ದೊಡ್ಡ ಕ್ಲಬ್ಬುಗಳೂ, ಲೀಗ್‌ಗೆ ಹೊಸದಾಗಿ ಬಡ್ತಿ ಪಡೆದ ಸಣ್ಣ ಊರಿನ ತಂಡಗಳೂ ಇದನ್ನು ಪಾಲಿಸಿವೆ. ಹಳೆಯ ಕ್ರೀಡಾಂಗಣ ಹೋಗಿ ಹೊಸದು ಬಂದರೂ ಪ್ರತಿಮೆ ಜತೆಯಲ್ಲೇ ಬಂತು. ಗೈಡ್ ಜತೆಗಿನ ಸುತ್ತಾಟದಲ್ಲಿ ಅದರ ಹತ್ತಿರ ನಿಂತು ನೋಡಬಹುದು.

ಸ್ಪೇನಿನ ಲೀಗ್‌ನಲ್ಲಿ ಋತುವೊಂದರಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ‘ಮಾರ್ಕಾ’ ಪತ್ರಿಕೆ ಐವತ್ತರ ದಶಕದಿಂದ ಕೊಡುತ್ತಿರುವ ಪ್ರಶಸ್ತಿಯ ಹೆಸರು ‘ಪಿಚಿಚಿ’. ಮೆಸ್ಸಿ ಎಂಟು ಸಲ ಗೆದ್ದದ್ದು ಇದನ್ನೇ. ವಿಚಿತ್ರವೆಂದರೆ ಪಿಚಿಚಿ ಆ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಿದವನಲ್ಲ. ಲೀಗ್ ಶುರುವಾದಾಗ ಅವನು ತೀರಿಕೊಂಡು ಏಳು ವರ್ಷವಾಗಿತ್ತು. ಆಡದ ಲೀಗಿನ ಗೋಲುಗಾರರಿಗೆಲ್ಲ ಅವನ ಹೆಸರು, ಎಂದೂ ಎದುರಿಸದ ತಂಡಗಳಿಂದ ಅವನಿಗೆ ಹೂವು. ಇಷ್ಟು ದೊಡ್ಡ ಹಣದ ಆಟದಲ್ಲಿ, ಟಿ.ವಿ. ಸಮಯ ಸೆಕೆಂಡಿನ ಲೆಕ್ಕದಲ್ಲಿ ಮಾರಾಟವಾಗುವ ಕಾಲದಲ್ಲಿ, ಒಂದು ಶತಮಾನದ ಹಿಂದಿನ ಆಟಗಾರನಿಗಾಗಿ ಬಿಡುವು ಮಾಡಿಕೊಳ್ಳುವ ಪದ್ಧತಿ ಉಳಿದಿರುವುದೇ ಬಿಲ್ಬಾವೊ ಕೊಡುವ ಅತಿ ದೊಡ್ಡ ಸಂತೋಷ.

ಪಂದ್ಯ ಶುರುವಾಗುವಾಗ ‘ಸಿರಿಮಿರಿ’ ಎಂದು ಇಲ್ಲಿ ಕರೆಯುವ ಜಿಟಿಜಿಟಿ ಮಳೆ ಹಿಡಿದಿರುತ್ತದೆ. ಎಲ್ಲೋ ಮೇಲಿನ ಸಾಲಿನಿಂದ ಒಂದು ಒಂಟಿ ದನಿ ‘ಅಥ್ಲೆ...ಟಿಕ್’ ಎಂದು ಎಳೆದು ಕೂಗುತ್ತದೆ. ‘ಏಉಪ್!’ ಎಂದು ಗ್ಯಾಲರಿಯೆಲ್ಲ ಒಟ್ಟಿಗೆ ಉತ್ತರಿಸುತ್ತದೆ. ಕಡಿದಾದ ಮೆಟ್ಟಿಲು ಗ್ಯಾಲರಿಗಳು ಮೈದಾನಕ್ಕೆ ಅಂಟಿಕೊಂಡಿರುವುದರಿಂದ, ಜಾರಿ ಬಂದು ಚೆಂಡು ಕಸಿದ ಸದ್ದು ಕೂಡ ಕೇಳಿಸುತ್ತದೆ. ಇಲ್ಲಿನ ಜನ ಹೆಚ್ಚು ಚಪ್ಪಾಳೆ ತಟ್ಟುವುದು ಕಾಲ್ಚಳಕಕ್ಕಲ್ಲ. ಕೈಬಿಟ್ಟುಹೋದಂತಿದ್ದ ಚೆಂಡನ್ನು ಅಟ್ಟಿಸಿಕೊಂಡು ಹೋಗಿ ಗೆರೆಯಂಚಿನಲ್ಲಿ ಉಳಿಸಿಕೊಂಡವನಿಗೆ ಸಿಗುವ ಮೆಚ್ಚುಗೆ ಗೋಲಿಗೆ ಸಮ. ಚೆನ್ನಾಗಿ ಆಡಿದ ಎದುರಾಳಿಗೂ ಚಪ್ಪಾಳೆ ಸಿಗುತ್ತದೆ. ವಿರಾಮದ ಶಿಳ್ಳೆ ಬಿದ್ದೊಡನೆ ಎಲ್ಲೆಡೆ ಅಲ್ಯೂಮಿನಿಯಂ ಹಾಳೆ ಬಿಚ್ಚುವ ಸರಬರ. ಮನೆಯಿಂದ ಕಟ್ಟಿಕೊಂಡು ತಂದ ಆಲೂಗಡ್ಡೆ ಆಮ್ಲೆಟ್ಟಿನ ಬ್ರೆಡ್ಡನ್ನು ಸಾವಿರಾರು ಜನ ಒಟ್ಟಿಗೆ ತಿನ್ನುತ್ತಾರೆ.

ಹೊರಟವರಿಗೆ ಒಂದೆರಡು ಸೂಚನೆ. ಹೆಚ್ಚಿನ ಆಸನಗಳು ಸದಸ್ಯರ ಪಾಲು. ಉಳಿದವು ಕ್ಲಬ್ಬಿನ ಜಾಲತಾಣದಲ್ಲಿ ಮುಂಚಿತವಾಗಿ ಮಾರಾಟವಾಗುತ್ತವೆ. ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್, ರಿಯಲ್ ಸೊಸಿಯೆದಾದ್ ವಿರುದ್ಧದ ಪಂದ್ಯಗಳಿಗೆ ಆಸೆ ಇಟ್ಟುಕೊಳ್ಳದೆ ಸಾಧಾರಣ ಎದುರಾಳಿಯ ದಿನ ಆರಿಸಿಕೊಂಡರೆ ಒಳ್ಳೆಯದು. ಪಂದ್ಯದ ದಿನ, ಸಮಯ ಲೀಗ್ ತೀರ್ಮಾನದಂತೆ ಬದಲಾಗುವುದರಿಂದ ವಿಮಾನದ ಟಿಕೆಟಿಗೆ ಮುನ್ನ ಅದು ಖಚಿತವಾಗಬೇಕು.

ಸೋಮವಾರ ಮ್ಯೂಸಿಯಂಗೆ ಸಾಮಾನ್ಯವಾಗಿ ರಜೆ. ಊರು ಬಿಡುವ ಮುನ್ನ ಮೆಟ್ರೊ ಹತ್ತಿ ನದಿ ಕಡಲು ಸೇರುವ ಕಡೆಗೆ, ಪೋರ್ತುಗಲೆತೆಗೆ ಹೋಗಬೇಕು. ಅಲ್ಲಿನ ಬಿಸ್ಕಾಯಾ ಸೇತುವೆ 1893ರದ್ದು. ಹಡಗುಗಳಿಗೆ ಅಡ್ಡಿಯಾಗದಂತೆ 45 ಮೀಟರ್ ಎತ್ತರದಲ್ಲಿ ಕಬ್ಬಿಣದ ತೊಲೆ, ಅದರಿಂದ ತಂತಿಗಳಲ್ಲಿ ನೇತಾಡುವ ತೊಟ್ಟಿಲು. ಆರು ಕಾರು, ಪಕ್ಕದಲ್ಲಿ ಕಾಲ್ನಡಿಗೆಯವರನ್ನು ಹೊತ್ತು 160 ಮೀಟರ್ ಅಗಲದ ನೀರನ್ನು ಅದು ಎರಡು ನಿಮಿಷದೊಳಗೆ ದಾಟುತ್ತದೆ. ಈ ಬಗೆಯ ಸೇತುವೆಗಳಲ್ಲಿ ಜಗತ್ತಿಗೇ ಮೊದಲನೆಯದು. 2006ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. 2024ರ ಏಪ್ರಿಲ್ 6ರಂದು ಸೆವಿಲ್ಯಾದಲ್ಲಿ ಮಯೋರ್ಕಾ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಅಥ್ಲೆಟಿಕ್ 40 ವರ್ಷಗಳ ಬಳಿಕ ಸ್ಪೇನಿನ ಕಪ್ ಗೆದ್ದಾಗ, 11ರಂದು ‘ಗಬಾರ್‍ರಾ’ ಎಂಬ 1983ರ ಅದೇ ಹಳೆಯ ಸರಕು ದೋಣಿ ಆಟಗಾರರನ್ನು ಹೊತ್ತು ಈ ಸೇತುವೆಯ ಕೆಳಗೇ ಊರೊಳಗೆ ಬಂತು. ಹತ್ತು ಲಕ್ಷದಷ್ಟು ಜನ ದಡಗಳಲ್ಲಿದ್ದರೆಂದು ಪತ್ರಿಕೆಗಳು ಬರೆದವು. ಬಿಲ್ಬಾವೊದ ಸದ್ಯದ ಜನಸಂಖ್ಯೆಯ ಸುಮಾರು ಮೂರು ಪಟ್ಟು.